ಹಿಟ್ಟಿನೊಳಗಿನ ಉಪ್ಪು

ನಾಗಸಾಕಿಯ ಬಂದರಿನ ಹಿಂದಿನ ಏರುದಾರಿಯಲ್ಲಿ ಕಿನುವಿನ ತೆಂಪುರಾ ಅಂಗಡಿ, ಸೀಗಡಿ, ಗೆಣಸನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುವುದು. ಗಂಡ ಸತ್ತ ವರ್ಷ ಬಾಣಲೆಯ ಮುಂದೆ ನಿಂತವಳು, ಮುದುಕಿಯಾದರೂ ಅಲ್ಲಿಂದ ಕದಲಿರಲಿಲ್ಲ. ಮಗ ಹಡಗಿನಲ್ಲಿ. ಸೀಗಡಿ ಸುಲಿಯುವುದು, ಗೆಣಸು ಹೆಚ್ಚುವುದು ಟೋಕಿಯೋದಿಂದ ಬಂದ ಸೊಸೆ ಚಿಸಾತೊಳ ಪಾಲು. ಹಿಟ್ಟು ಕಲಸುವುದನ್ನು ಮಾತ್ರ ಕಿನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅದು ಕೈತಪ್ಪಿದರೆ ತಾನು ಮೂಲೆಗುಂಪು ಎಂದು ಅವಳ ಹೆದರಿಕೆ.

ಆ ಊರಿನ ಹಿಟ್ಟೇ ಬೇರೆ. ಮೈದಾ, ಮೊಟ್ಟೆ, ಒಂದಿಷ್ಟು ಅಕ್ಕಿಹೆಂಡದ ಜೊತೆ ಉಪ್ಪು, ಸಕ್ಕರೆಯೂ ಬೀಳಬೇಕು. ರುಚಿಯೆಲ್ಲ ಒಳಗೇ, ನಂಚಿಕೊಳ್ಳಲು ಏನೂ ಬೇಡ. ಉಪ್ಪಿಗಿಂತ ರುಚಿಯಿಲ್ಲ ಎನ್ನುವುದು ಸರಿ, ಆದರೆ ಕರಿದ ಮೇಲೆ ಅದನ್ನು ಒಳಗೆ ತುರುಕಲು ಬರುವುದಿಲ್ಲ.

ಆ ಚಳಿಗಾಲ ಜ್ವರ ಬಿಟ್ಟೆದ್ದ ಕಿನುವಿನ ನಾಲಿಗೆ ಸತ್ತಿತ್ತು. ಯಾರಿಗೂ ಹೇಳಲಿಲ್ಲ. ಅಳತೆ ಕೈಗೆ ಗೊತ್ತಲ್ಲ ಎಂದುಕೊಂಡಳು. ಒಂದು ಬೆಳಿಗ್ಗೆ ನೋಡಿದರೆ ಗಿರಾಕಿಗಳ ಮುಂದೆ ಸಾಲಾಗಿ ಬಟ್ಟಲುಗಳು.

"ಏನೇ ಇದು?"

"ನಂಚ್ಕೊಳ್ಳೋಕೆ ಸಾರು, ಅತ್ತೆ. ಕೆಲವರು ಕೇಳ್ತಾರೆ."

"ಯಾರೇ ಕೇಳೋರು, ನಿಮ್ಮ ಟೋಕಿಯೋದವ್ರಾ? ಮಾಂಸ ಬಿಟ್ಟ ಉಪವಾಸದ ದಿನ ಪರಂಗಿ ಪಾದ್ರಿಗಳು ಮೀನು ಕರ್ಕೊಂಡು ತಿಂದದ್ದು ಈ ಊರಲ್ಲಿ. ತೆಂಪುರಾ ಅನ್ನೋ ಹೆಸರೂ ಆ ಉಪವಾಸದ್ದೇ ಅಂತಾರೆ. ಇಲ್ಲಿಂದ ನಿಮ್ಮೂರಿಗೆ ಹೋಗಿದ್ದನ್ನ ನನಗೇ ಕಲಿಸೋಕೆ ಬಂದ್ಯಾ?"

ಚಿಸಾತೊ ತಲೆ ತಗ್ಗಿಸಿದಳು. ಬಟ್ಟಲು ಮಾತ್ರ ತೆಗೆಯಲಿಲ್ಲ.

ಮಧ್ಯಾಹ್ನ ಬೆಸ್ತರ ಜಿಂಪಾಚಿ ಬಂದ. ಕಿನುವಿನ ಗಂಡನ ಕಾಲದ ಗಿರಾಕಿ. ನಂಚಿಕೊಂಡು ತಿನ್ನುವವನು ನಾಗಸಾಕಿಯವನೇ ಅಲ್ಲ ಎಂದು ಪರವೂರಿನವರನ್ನು ಗೇಲಿ ಮಾಡುತ್ತಿದ್ದವನು. ಸೀಗಡಿ ಕಚ್ಚಿದ, ಕಿನು ಬೆನ್ನು ತಿರುಗಿಸಿದ್ದನ್ನು ನೋಡಿಕೊಂಡು ಸರಕ್ಕನೆ ಸಾರಿಗೆ ಅದ್ದಿದ. ಜಾಲರಿ ಸೌಟು ಎತ್ತಿಕೊಳ್ಳಲು ತಿರುಗಿದ ಕಿನು ಕಂಡೇಬಿಟ್ಟಳು.

"ಏನೋ ಜಿಂಪಾಚಿ, ಇದೇನು ಹೊಸ ಚಾಳಿ?"

"ನನ್ನ ಬಾಯೇ ಕೆಟ್ಟಿದೆ, ಅಕ್ಕ," ಎಂದ, ಮುಖ ಎತ್ತದೆ.

ಕೆಟ್ಟದ್ದು ಅವನ ಬಾಯಲ್ಲ, ತನ್ನ ಹಿಟ್ಟಿನ ಉಪ್ಪು ಎಂದು ಮುದುಕಿಗೆ ತಿಳಿಯಿತು. ನಾಚಿಕೆಯಾಯಿತು, ಸೊಸೆಯ ಮೇಲೆ ಹಾರಾಡಿದ್ದಕ್ಕೆ ಇನ್ನಷ್ಟು.

ಮರುದಿನ ಉಪ್ಪಿನ ಭರಣಿಯನ್ನು ಸೊಸೆಯತ್ತ ತಳ್ಳಿದಳು.

"ನೀನೇ ಹಾಕು. ನನ್ನ ನಾಲಿಗೆ ಸತ್ತಿದೆ."

"ಗೊತ್ತು, ಅತ್ತೆ."

"ಯಾವಾಗಿಂದ?"

"ನೀವು ಜ್ವರ ಬಿಟ್ಟು ಎದ್ದಾಗಿಂದ."

ಕಿನು ಬಾಣಲೆಗೆ ಒಂದು ಹನಿ ಹಿಟ್ಟು ಬಿಟ್ಟು ಎಣ್ಣೆಯ ಕಾವು ನೋಡಿದಳು.

ಜಿಂಪಾಚಿ ಬಂದು ಕುಳಿತ. ಸಾರಿನ ಬಟ್ಟಲು ಅವನ ಮುಂದೆಯೇ ಇತ್ತು. ಕಿನು ಒಲೆ ಬಿಟ್ಟು ಬಂದು ಅವನ ಕೈಯನ್ನೇ ನೋಡುತ್ತ ನಿಂತಳು. ಕೈ ಬಟ್ಟಲಿನತ್ತ ಹೋಗಲಿಲ್ಲ. ಸೀಗಡಿ ಮುಗಿಯಿತು, ಗೆಣಸೂ ಮುಗಿಯಿತು.

ಒಲೆಯ ಬಳಿಗೆ ಹಿಂತಿರುಗಿ ಸೊಸೆಗೆ ಹೇಳಿದಳು: "ಉಪ್ಪು ಸರಿಯಾಗಿದೆ."