ಯದುಗಿರಿ ಮೇಡಂ ಡ್ರಾ ಮಾಡಿಕೊಂಡ ಆಟ

ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಯದುಗಿರಿ ಮೇಡಂ, ಆಸೆಪಟ್ಟು ಬಂದ ಮಕ್ಕಳಿಗೆಲ್ಲ ಊಟದ ಬಿಡುವಿನಲ್ಲಿ ಚೆಸ್ ಕಲಿಸುತ್ತಿದ್ದರು. ಕಲಿತವರಲ್ಲಿ ಆಟ ಬಿಡದೆ ಉಳಿದವಳು ಬಸ್ತಿಹಳ್ಳಿಯ ದಿವ್ಯಾ. ಅರಸೀಕೆರೆಯ ಕಾಲೇಜಿನಲ್ಲಿ ಲೆಕ್ಚರರ್ ಆದ ಮೇಲೂ ಅವಳು ಮೇಡಂ ಜೊತೆಯಲ್ಲೇ ಟೂರ್ನಮೆಂಟುಗಳಿಗೆ ಹೋಗುತ್ತಿದ್ದಳು.

ಹೋದ ವರ್ಷ ಅರಸೀಕೆರೆಯಲ್ಲಿ ಮೇಡಂ ಎದುರು ಕೂತವನು ಪಳಗಿದ ಆಟಗಾರ. ಒಂದು ಕಾಲಾಳು ಕಳೆದುಕೊಂಡರೂ ಮೇಡಂ ಪಟ್ಟು ಬಿಡದೆ ಆಟವನ್ನು ಡ್ರಾ ಮಾಡಿಕೊಂಡರು. ಎಲ್ಲರೂ ಹೊಗಳಿದರು. ಅವರಿಗೆ ಮಾತ್ರ ಸಮಾಧಾನವಿರಲಿಲ್ಲ. ಶುರುವಿನಲ್ಲೇ ಎಲ್ಲೋ ಎಡವಿದ್ದೇನೆ, ಕೂತು ನೋಡೋಣ ಎಂದು ದಿವ್ಯಾಳನ್ನು ಭಾನುವಾರ ಮನೆಗೆ ಕರೆದರು.

ನಡೆಗಳನ್ನು ಬರೆದ ಹಾಳೆ ನೋಡುತ್ತ ದಿವ್ಯಾ ಕಾಯಿ ನಡೆಸಿದಳು. ಶುರುವಿನಲ್ಲಿ ಒಂದು ಕಾಲಾಳನ್ನು ಎದುರಾಳಿಗೆ ಬಿಟ್ಟುಕೊಡುವುದು, ಅದನ್ನು ಕೊಂದ ಕಾಲಾಳನ್ನು ಆಮೇಲೆ ಒಂಟೆಯಿಂದ ಹೊಡೆಯುವುದು. ಮೇಡಂ ಹರೆಯದಿಂದಲೂ ಆಡಿದ್ದು ಇದನ್ನೇ, ಕಲಿಸಿದ್ದೂ ಇದನ್ನೇ. ಆದರೆ ಹಾಳೆಯಲ್ಲಿ ಒಂಟೆ ಹೊಡೆದಿರಲಿಲ್ಲ. ಅಂಚಿನ ಕಾಲಾಳೊಂದು ಸುಮ್ಮನೆ ಒಂದು ಮನೆ ಮುಂದೆ ಹೋಗಿತ್ತು.

"ಇಲ್ಲಿ ಯಾಕೆ ಹೊಡೀಲಿಲ್ಲ ಮೇಡಂ?"

ಮೇಡಂ ಹಾಳೆ ಈಸಿಕೊಂಡು ಆ ನಡೆಯ ಮೇಲೆ ಬೆರಳಿಟ್ಟರು. "ಹೊಡೀಬೇಕಿತ್ತಾ?" ಎಂದರು.

ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ದಿವ್ಯಾ ನಕ್ಕಳು. ಮೇಡಂ ನಗಲಿಲ್ಲ.

ಆಮೇಲೆ ಪ್ರತಿ ಭಾನುವಾರ ಅದೇ ಅಭ್ಯಾಸ. ತಿದ್ದಿಕೊಂಡ ನಡೆಗಳು ಸಂಜೆಗೆ ಬಾಯಿಪಾಠವಾಗಿರುತ್ತಿದ್ದವು, ಮುಂದಿನ ವಾರಕ್ಕೆ ಅಳಿಸಿಹೋಗಿರುತ್ತಿದ್ದವು. ಬೇಲೂರಿನ ಬ್ಯಾಂಕಿನಲ್ಲಿದ್ದ ಮೇಡಂ ಗಂಡ ವಿಜಯಸಾರಥಿ ಒಂದು ದಿನ ದಿವ್ಯಾಳನ್ನು ಬಸ್ ಹತ್ತಿಸಲು ಬಂದವರು, ಈಚೆಗೆ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿರುವುದನ್ನೂ, ಹೆಂಡತಿ ಶಾಲೆಯಿಂದ ಹಳೆಯ ಬಾಡಿಗೆ ಮನೆಗೆ ಹೋಗಿ ಬಾಗಿಲು ತಟ್ಟಿದ್ದನ್ನೂ ಹೇಳಿದರು. ಆಯಾಸವಿರಬೇಕು ಎಂದು ಅವರು ಅಲ್ಲಿಯವರೆಗೆ ಸುಮ್ಮನಿದ್ದರು. ಇಬ್ಬರೂ ಸೇರಿ ಮೇಡಂ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದರು. ನೆನಪು ಇನ್ನು ಸವೆಯುತ್ತಲೇ ಹೋಗುತ್ತದೆ, ಔಷಧಿ ಅದನ್ನು ಸ್ವಲ್ಪ ನಿಧಾನ ಮಾಡಬಹುದು ಅಷ್ಟೇ ಎಂದರು ಡಾಕ್ಟರು. ಮಕ್ಕಳಿಗೆ ತಪ್ಪು ಹೇಳಿಕೊಟ್ಟರೂ ತಮಗೆ ತಿಳಿಯುವುದಿಲ್ಲ ಎಂದು ಮೇಡಂ ತಾವಾಗಿಯೇ ಕೆಲಸ ಬಿಟ್ಟರು.

ಮುಂದಿನ ಭಾನುವಾರ ದಿವ್ಯಾ ಕಾಯಿ ಜೋಡಿಸಲು ಹೊರಟಾಗ ಮೇಡಂ ಅವಳ ಕೈ ಹಿಡಿದರು.

"ಶುರುವಿಂದ ಬೇಡ ಕಣೇ. ಅದು ನೆನಪಿನ ಕೆಲಸ. ಅರಸೀಕೆರೇಲಿ ಡ್ರಾ ಮಾಡ್ಕೊಂಡಾಗ ಕಾಯಿ ಹೇಗಿದ್ವೋ ಹಾಗೆ ಇಡು, ಅಲ್ಲಿಂದ ಆಡೋಣ. ಕಣ್ಣೆದುರು ಇರೋದನ್ನ ನೋಡಿ ಆಡೋದು ಇನ್ನೂ ಬರುತ್ತೆ ನಂಗೆ."

ಮಳೆಗಾಲವೆಲ್ಲ ಹಾಗೇ ಆಡಿದರು. ಕೆಲವು ಸಲ ಮೇಡಂ ಗೆದ್ದರು ಕೂಡ. ಆಮೇಲೆ ನೇರ ಹೋಗಬೇಕಾದ ಆನೆ ಅವರ ಕೈಯಲ್ಲಿ ಓರೆಯಾಗಿ ಹೋಗತೊಡಗಿತು. ದಿವ್ಯಾ ಮಾತಿಲ್ಲದೆ ಅದನ್ನು ಸರಿಯಾದ ಮನೆಗೆ ಇಡುತ್ತಿದ್ದಳು. ಅವರೆಕಾಯಿ ಕಾಲ ಬಂದಾಗ ಒಂದು ದಿನ ಮೇಡಂ ಅರ್ಧ ಆಟದಲ್ಲೇ ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬಿದರು.

"ನೀನು ತಿದ್ದೋದು ನಂಗೆ ಕಾಣ್ಸುತ್ತೆ. ಸಾಕು."

ಜಾವಗಲ್ ದಾಟುವವರೆಗೂ ದಿವ್ಯಾ ಬಸ್ಸಿನಲ್ಲಿ ಅಳುತ್ತಲೇ ಇದ್ದಳು.

ಅವಳು ಈಗಲೂ ಭಾನುವಾರ ಬರುತ್ತಾಳೆ. ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ. ಒಮ್ಮೊಮ್ಮೆ ಮೇಡಂ ಅವಳ ಹೆಸರು ಹಿಡಿದು ಕರೆಯುತ್ತಾರೆ. ಹೋದ ವಾರ ಮಾತ್ರ, ನಿಮ್ಮದು ಯಾವೂರಮ್ಮ ಎಂದು ಕೇಳಿದರು. ಬಸ್ತಿಹಳ್ಳಿ ಎಂದಳು ದಿವ್ಯಾ.

"ಹತ್ರಾನೇ ಆಯ್ತು. ಬರ್ತಾ ಇರಿ," ಎಂದರು ಮೇಡಂ.