ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲ

ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಬದುಕಿದ ಮನುಷ್ಯನಿಗೆ ಏಕಾಏಕಿ ಮನೆಯಲ್ಲೇ ಕೂತಿರು ಎಂದರೆ ಅವನು ಏನು ಮಾಡಬೇಕು? ನಮ್ಮ ಕಂಡಕ್ಟರ್ ಮಾಡಿದ್ದು ಇಷ್ಟೇ: ಮಹಡಿ ಮನೆಯ ಮೆಟ್ಟಿಲ ಮೇಲೆ ನಿಂತುಕೊಂಡ. ಲಾಕ್‌ಡೌನ್ ಶುರುವಾದ ಮರುದಿನವೇ ಬೆಳಿಗ್ಗೆ ಎದ್ದು, ಖಾಕಿ ಅಂಗಿ ತೊಟ್ಟು, ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದು, ಬಿಕೋ ಎನ್ನುವ ಬೀದಿಯನ್ನು ನೋಡುತ್ತ ನಿಂತ. ಬೆಕ್ಕೊಂದು ರಸ್ತೆ ದಾಟಿದರೆ ಅದಕ್ಕೂ "ಬೇಗ ಬೇಗ" ಎನ್ನುತ್ತಿದ್ದ. ಬೀದಿಯವರು ಅವನಿಗೆ ರೈಟಣ್ಣ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಊಟ ಮುಗಿಸಿ ಏಳುವಾಗಲೂ "ರೈಟ್" ಎನ್ನುವವನಿಗೆ ಇನ್ನೇನು ಹೆಸರಿಡುತ್ತಾರೆ?

ಅವನ ಅಕ್ಕನಿಗೂ ಬೀದಿ ಒಂದು ಹೆಸರಿಟ್ಟಿತ್ತು: ಚಿಲಕದಕ್ಕ. ಅದನ್ನು ಅವಳೆದುರು ಹೇಳುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಮುನ್ನೂರು ಹೆಂಗಸರ ಮೇಲೆ ಸೂಪರ್‌ವೈಸರ್ ಆಗಿ, ಅವರನ್ನೆಲ್ಲ ಗೆರೆ ಎಳೆದಂತೆ ಸಾಲಾಗಿ ನಿಲ್ಲಿಸಿ ನಿವೃತ್ತಳಾದ ಹೆಂಗಸು. ವಯಸ್ಸು ಅರವತ್ತಾರು. ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ತಾಯಿ ಸತ್ತಾಗ ತಮ್ಮನಿಗೆ ಎರಡು ವರ್ಷ. ಅಂದಿನಿಂದ ಅವನನ್ನು ಎತ್ತಿ ಆಡಿಸಿದವಳು, ಬೈದು ಬುದ್ಧಿ ಹೇಳಿದವಳು, ಕೆಲಸಕ್ಕೆ ಸೇರಿಸಿದವಳು ಎಲ್ಲ ಅವಳೇ. ಇಬ್ಬರಿಗೂ ಮದುವೆ ಆಗಲಿಲ್ಲ. ಅವಳಿಗೆ ಪುರುಸೊತ್ತಾಗಲಿಲ್ಲ, ಇವನಿಗೆ, ಅವಳು ಒಪ್ಪುವಂಥ ಹುಡುಗಿ ಈ ಭೂಮಿಯ ಮೇಲೆ ಹುಟ್ಟಲಿಲ್ಲ.

ಲಾಕ್‌ಡೌನ್ ಬಂದಾಗ ಬೇರೆಯವರೆಲ್ಲ ಗೊಣಗಿದರೆ ಅಕ್ಕ ಮಾತ್ರ ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತು ಎಂದು ಸಮಾಧಾನಪಟ್ಟಳು. ಮೊದಲೇ ಅವಳಿಗೆ ದಮ್ಮಿನ ಕಾಯಿಲೆ. ಒಳಕೋಣೆ ತನಗೆ, ಹೊರಕೋಣೆ ತಮ್ಮನಿಗೆ ಎಂದು ಮನೆಯನ್ನು ಪಾಲು ಮಾಡಿದಳು. ನಡುವಿನ ಬಾಗಿಲಿಗೆ ಚಿಲಕ ಬಿತ್ತು. ಎರಡು ತಿಂಗಳ ನಂತರ ತಮ್ಮನಿಗೆ ಆಸ್ಪತ್ರೆ ಸಿಬ್ಬಂದಿಯನ್ನು ಕರೆತರುವ ಬಸ್ಸಿನಲ್ಲಿ ಕೆಲಸ ಸಿಕ್ಕಮೇಲಂತೂ ಅವನನ್ನು ಬಾಂಬು ಹೊತ್ತು ಬಂದವನಂತೆ ನೋಡತೊಡಗಿದಳು. ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆ ಇಟ್ಟು, ಆರು ಹೆಜ್ಜೆ ಹಿಂದೆ ಸರಿದು, "ತಗೋ" ಎನ್ನುತ್ತಿದ್ದಳು. ಹದಿನಾಲ್ಕು ತಿಂಗಳು ಅವಳು ಮೆಟ್ಟಿಲಿಳಿಯಲಿಲ್ಲ.

ಅವಳು ಬರೀ ತನ್ನ ಮನೆಯ ಬಾಗಿಲು ಹಾಕಿ ಸುಮ್ಮನಿದ್ದಿದ್ದರೆ ಹೇಗೋ ಆಗುತ್ತಿತ್ತು. ಮಹಡಿಯ ಕಿಟಕಿಯಲ್ಲಿ ಕೂತು ಇಡೀ ಬೀದಿಯನ್ನೇ ಕಾಯತೊಡಗಿದಳು. ಅಂಗಡಿಯವನ ಮುಂದೆ ಇಬ್ಬರು ಒತ್ತಾಗಿ ನಿಂತರೆ ಮೇಲಿನಿಂದ ಗುಡುಗು. ನಿವೃತ್ತ ಮೇಷ್ಟ್ರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡರೆ, "ಮೇಷ್ಟ್ರೇ, ಮೂಗು ಇರೋದು ಎಲ್ಲಿ ಅಂತ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ವಾ ನೀವು?" ಮೇಷ್ಟ್ರು ಮಾಸ್ಕ್ ಮೇಲೇರಿಸುತ್ತಿದ್ದರು. ನಗಬೇಡಿ. ಆ ಹದಿನಾಲ್ಕು ತಿಂಗಳಲ್ಲಿ ಹಿಂದಿನ ಬೀದಿಯಿಂದ ನಾಲ್ಕು ಹೆಣ ಹೋದವು, ಈ ಬೀದಿಯಿಂದ ಒಂದೂ ಹೋಗಲಿಲ್ಲ.

ಲಸಿಕೆ ಬಂದಾಗ ಅಡುಗೆಮನೆಯ ಕಿಟಕಿ ವಿಧಾನಸಭೆಯಾಯಿತು.

"ಕೆಲಸದವರಿಗೆಲ್ಲ ಹಾಕಿದ್ರು, ನಾನೂ ಹಾಕಿಸ್ಕೊಂಡೆ. ಇನ್ನು ನೀನು," ಎಂದ ತಮ್ಮ.

"ನನಗ್ಯಾಕೆ? ನಾನು ಹೊರಗೆ ಹೋದ್ರೆ ತಾನೆ? ರೋಗಕ್ಕೇನು ಕಾಲಿದೆಯಾ? ನಮ್ಮ ಕಾಲ ಮೇಲೇ ಅದು ಓಡಾಡೋದು. ಕಾಲು ಮನೇಲಿದ್ರೆ ರೋಗ ಎಲ್ಲಿದೆಯೋ ಅಲ್ಲೇ ಬಿದ್ದಿರುತ್ತೆ."

"ಎಷ್ಟು ದಿನ ಅಂತ? ಎದುರುಮನೆ ಎಲೆಕ್ಟ್ರಿಷಿಯನ್ನಿಗೆ ಕೆಲಸ ಇಲ್ಲ. ಮಕ್ಕಳು ಶಾಲೆ ದಾರೀನೇ ಮರೆತಿವೆ. ಬ್ರೇಕ್ ಹಾಕಿದ್ರೆ ಅಪಘಾತ ತಪ್ಪುತ್ತೆ ಅಕ್ಕ, ಆದ್ರೆ ಊರು ಸೇರೋಕಾಗಲ್ಲ."

"ಹಾಗಾದ್ರೆ ಬ್ರೇಕ್ ಇಲ್ಲದ ಬಸ್ಸಲ್ಲಿ ಟಿಕೆಟ್ ಹರೀತೀಯಾ ನೀನು?"

ಬಸ್ಸಿನಲ್ಲಿ ಕುಡುಕರಿಗೆ, ವಕೀಲರಿಗೆ, ಚಿಲ್ಲರೆ ಇಲ್ಲದವರಿಗೆ ಎಲ್ಲರಿಗೂ ಉತ್ತರ ಕೊಟ್ಟವನ ಬೇಳೆ ಅಕ್ಕನ ಮುಂದೆ ಮಾತ್ರ ಬೇಯುತ್ತಿರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ ಎಂಬುದೇ ದೊಡ್ಡ ತಲೆನೋವು. ಆದರೆ ಕಳೆದ ತಿಂಗಳು ಒಂದು ಬೆಳಿಗ್ಗೆ ಒಳಕೋಣೆಯಿಂದ ಅವಳ ಉಸಿರಿನ ಸುಯ್‌ಸುಯ್ ಸದ್ದು ಕೇಳಿ, ಚಿಲಕ ಹಾಕಿದ ಬಾಗಿಲಿನ ಈಚೆ ನಿಂತು ಅವನು ದಬದಬ ಬಡಿದಿದ್ದ. ದಮ್ಮು ಬರೀ ದಮ್ಮೇ ಆಗಿತ್ತು, ಔಷಧಿಗೆ ಇಳಿಯಿತು. ಅವನ ಹೆದರಿಕೆ ಇಳಿಯಲಿಲ್ಲ. ಬೀದಿಯಲ್ಲಿ ಜನ ಮತ್ತೆ ಓಡಾಡುತ್ತಿದ್ದರು, ಹಾಲಿನವನು ಬರುತ್ತಿದ್ದ, ತಾನೇ ದಿನಕ್ಕೆರಡು ಸಲ ಆಸ್ಪತ್ರೆಯಿಂದ ಬರುತ್ತಿದ್ದ. ಚಿಲಕ ಎಷ್ಟನ್ನು ತಡೆದೀತು? ಅಕ್ಕನಿಗೆ ಆ ರೋಗ ತಗುಲಿದರೆ ಅವಳು ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಆಸ್ಪತ್ರೆಗೆ ಕರೆದರೆ, "ರೋಗ ಬರಬಾರದು ಅಂತ ರೋಗಿಗಳ ಮಧ್ಯೆ ಹೋಗಿ ನಿಲ್ಲಲಾ?" ಎನ್ನುತ್ತಿದ್ದಳು.

ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಒಂದು ಹಳೆಯ ಬಸ್ಸನ್ನೇ ಲಸಿಕೆಯ ಗಾಡಿ ಮಾಡಿದರು. ಹಿಂದಿನ ಸೀಟುಗಳನ್ನು ಕಿತ್ತು ನರ್ಸಮ್ಮನಿಗೆ ಮೇಜು ಹಾಕಿದರು. ಬೀದಿ ಬೀದಿಗೆ ಹೋಗಿ ಜನ ಕರೆಯಲು ಗಟ್ಟಿ ಗಂಟಲಿನ ಕಂಡಕ್ಟರ್ ಬೇಕು ಎಂದಾಗ ರೈಟಣ್ಣ ಹಿಂದೆ ಮುಂದೆ ನೋಡದೆ ಕೈಯೆತ್ತಿದ. ತನ್ನ ಬೀದಿಗೆ ಬರುವ ದಿನಕ್ಕಾಗಿ ಅವನು ಮಕ್ಕಳ ಹಾಗೆ ಕಾದ. ಒಂದು ನಿಯಮವಿತ್ತು: ಮಧ್ಯಾಹ್ನದೊಳಗೆ ಐವತ್ತು ಜನ ಬಾರದ ಬೀದಿಗೆ ಬಸ್ಸು ಮತ್ತೆ ಬರುವುದಿಲ್ಲ. ಅಕ್ಕ ಇಂದಲ್ಲದಿದ್ದರೆ ಮುಂದಿನ ಸಲವಾದರೂ ಇಳಿದಾಳು ಎಂದು ಅವನಿಗೆ ಆಸೆ. ಅದಕ್ಕೆ ಬಸ್ಸು ಮತ್ತೆ ಬರಬೇಕು.

ಒಂಬತ್ತಕ್ಕೆ ಬಸ್ಸು ಅವನ ಮನೆಯೆದುರೇ ನಿಂತಿತು. ಅವನು ಸೀಟಿ ಊದಿದ. "ಬನ್ನಿ ಬನ್ನಿ, ಲಸಿಕೆ ಲಸಿಕೆ ಲಸಿಕೆ!" ಎಂದು ಕೂಗಿದ. ಜನ ಬಾಗಿಲಿಗೆ ಬಂದರು, ನೋಡಿದರು, ಅಲ್ಲೇ ನಿಂತರು. ಅಂಗಡಿಯವನು "ಮೊದಲು ಮೇಷ್ಟ್ರು ಹೋಗಲಿ" ಎಂದ. ಮೇಷ್ಟ್ರು "ಮೊದಲು ಯುವಕರು" ಎಂದರು. ಹತ್ತೂವರೆಯಾದರೂ ಮೂರೇ ಜನ. ನರ್ಸಮ್ಮ ಕಿಟಕಿಯಾಚೆ ನೋಡುತ್ತ ಆಕಳಿಸಿದರು.

ಆಗ ರೈಟಣ್ಣನಿಗೆ ತನ್ನ ಕಸುಬಿನ ಮೊದಲ ಪಾಠ ನೆನಪಾಯಿತು. ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲ. ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದರೆ ಜನ ತುಂಬಿದ್ದಕ್ಕೇ ನುಗ್ಗುತ್ತಾರೆ. ಖಾಲಿ ಇರುವುದು ಹೊರಡುವುದಿಲ್ಲ ಎಂಬ ಗುಮಾನಿ. ಅವನು ಕೆಳಗಿಳಿದು ಬೀದಿಯವರಿಗೆ ಕೈಮುಗಿದ. "ಸೂಜಿ ಗೀಜಿ ಬೇಡ. ಬರೀ ಹತ್ತಿ ಕೂತ್ಕೊಳ್ಳಿ. ನನ್ನ ಮಾನ ಉಳಿಸಿ. ಫ್ಯಾನಿದೆ, ಗಾಳಿ ತಗೊಳ್ಳಿ."

ಬರೀ ಕೂರಲು ಯಾರಿಗೆ ಕಷ್ಟ? ಎಲೆಕ್ಟ್ರಿಷಿಯನ್ ಬಂದ, ಅಂಗಡಿಯವನು ಹೆಂಡತಿ ಸಮೇತ ಬಂದ, ಮೇಷ್ಟ್ರು ಪೇಪರ್ ಹಿಡಿದು ಬಂದರು. ಹತ್ತು ಜನ ಕೂತದ್ದೇ ತಡ, ಇನ್ನುಳಿದವರಿಗೆ ಒಳಗೇನೋ ಹಂಚುತ್ತಿದ್ದಾರೆ ಎಂಬ ಅನುಮಾನ ಬಂದು ದಡದಡ ಹತ್ತಿದರು. ರೈಟಣ್ಣನಿಗೆ ಮೈಮೇಲಿನ ಪರಿವೆಯೇ ಉಳಿಯಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ತುಂಬಿದ ಬಸ್ಸು! "ಒಳಗೆ ಹೋಗಿ, ಒಳಗೆ ಹೋಗಿ, ಇನ್ನೂ ಜಾಗ ಇದೆ! ಸ್ವಲ್ಪ ಸರೀರಿ, ಮೂರು ಜನರ ಸೀಟು ಅದು!" ಎಂದು ಬೆನ್ನು ತಟ್ಟಿ ತಳ್ಳತೊಡಗಿದ. ಸಾಂಕ್ರಾಮಿಕ ರೋಗಕ್ಕೆ ಲಸಿಕೆ ಹಾಕಲು ಬಂದ ಬಸ್ಸಿನಲ್ಲಿ ಜನ ಭುಜಕ್ಕೆ ಭುಜ ಒತ್ತಿ, ಕಂಬಿಗೆ ಜೋತುಬಿದ್ದು ನಿಂತರು. ನರ್ಸಮ್ಮ ಹಿಂದಿನಿಂದ ಏನೋ ಕೂಗುತ್ತಿದ್ದರು. ಮೂವತ್ತೊಂದು ವರ್ಷದಿಂದ ಹಿಂದಿನವರ ಕೂಗನ್ನು ಕೇಳಿಸಿಕೊಳ್ಳದ ಕಿವಿ ಅವನದು, ಆಗಲೂ ಕೇಳಿಸಲಿಲ್ಲ.

ಕೇಳಿಸಿದ್ದು ಮಹಡಿಯ ಕಿಟಕಿ ಧಡಾರನೆ ಮುಚ್ಚಿದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಎರಡು ಮಾಸ್ಕ್ ಒಂದರ ಮೇಲೊಂದು ಕಟ್ಟಿಕೊಂಡು, ಕೈಯಲ್ಲಿ ಕೊಡೆ ಹಿಡಿದು ಅಕ್ಕ ಬೀದಿಗಿಳಿದಿದ್ದಳು. ಬಸ್ಸಿನಿಂದ ಕೊಡೆಯಷ್ಟು ದೂರದಲ್ಲಿ ನಿಂತು ಒಂದು ಸಲ ಉಸಿರು ಎಳೆದುಕೊಂಡಳು.

"ಲೇ! ನಿನಗೇನು ತಲೆ ಕೆಟ್ಟಿದೆಯಾ? ಇದು ಬಸ್ಸೋ ಸ್ಮಶಾನದ ಗಾಡಿಯೋ? ಇಳೀರಿ ಎಲ್ಲ! ಒಬ್ಬೊಬ್ಬರೇ! ಮೇಷ್ಟ್ರೇ, ನೀವೂ ಇದೀರಾ ಇದ್ರಲ್ಲಿ?"

ಬಸ್ಸು ಎರಡು ನಿಮಿಷದಲ್ಲಿ ಖಾಲಿಯಾಯಿತು. ಅಕ್ಕ ಕೊಡೆಯ ತುದಿಯಿಂದ ರಸ್ತೆಯ ಧೂಳಿನಲ್ಲಿ ಗೀಟು ಎಳೆಯುತ್ತ ಹೋದಳು. ಗೀಟಿಗೊಬ್ಬರಂತೆ ಜನ ನಿಂತರು. ಸೀಟಿಗೊಬ್ಬರಂತೆ ಒಳಗೆ ಬಿಟ್ಟಳು. ಈಗ ತಮಾಷೆ ನೋಡಿ. ಗಾಳಿ ತೆಗೆದುಕೊಳ್ಳಲು ಬಂದಿದ್ದ ಜನ, ಅಷ್ಟು ಶಿಸ್ತಾದ ಸಾಲಿನಲ್ಲಿ ನಿಂತಮೇಲೆ, ಸರದಿ ಬಂದಾಗ ನರ್ಸಮ್ಮನ ಮುಂದೆ ತೋಳು ಮಡಚದೆ ಇನ್ನೇನು ಮಾಡಿಯಾರು? "ನಾನು ಸುಮ್ನೆ ಕೂರೋಕೆ ಬಂದೆ" ಎಂದು ಅಂಗಡಿಯವನು ಗೊಣಗಿದ. "ಸಾಲಲ್ಲಿ ನಿಂತಮೇಲೆ ಕೆಲಸ ಮುಗಿಸಿ ಹೋಗಬೇಕು" ಎಂದಳು ಅಕ್ಕ. ಕಿಟಾರನೆ ಕಿರುಚಿ ಹಾಕಿಸಿಕೊಂಡ. ಊಟದ ಹೊತ್ತಿಗೆ ಅರವತ್ತೆರಡು ಜನ ಆಗಿದ್ದರು. ನರ್ಸಮ್ಮ ಇಂಥ ಬೀದಿಯನ್ನು ತಾನು ನೋಡಿಯೇ ಇಲ್ಲ ಎಂದರು.

ಬಸ್ಸು ಮತ್ತೆ ಬರುವುದು ಖಚಿತವಾಯಿತು. ಆದರೆ ರೈಟಣ್ಣನಿಗೆ ಮುಂದಿನ ಸಲದವರೆಗೆ ತಾಳ್ಮೆ ಇರಲಿಲ್ಲ. ಅಕ್ಕ ಬಸ್ಸಿನ ಬಾಗಿಲವರೆಗೆ ಬಂದಿದ್ದಳು.

"ಅಕ್ಕ, ಇನ್ನು ಉಳಿದಿರೋದು ನೀನೊಬ್ಬಳೇ."

"ನಾನು ಸಾಲು ನಿಲ್ಲಿಸೋಕೆ ಬಂದವಳು. ಬಾಗಿಲು ಹಾಕ್ಕೊಂಡು ಚೆನ್ನಾಗಿದೀನಿ ನಾನು."

"ಅಕ್ಕ," ಎಂದ. "ನೀನು ಹೋದ್ರೆ ನನಗೆ ಯಾರೂ ಇಲ್ಲ. ನನಗೆ ಹೆದರಿಕೆ ಆಗುತ್ತೆ."

ಐವತ್ತಾರರ ಗಂಡಸು ಬೀದಿಯಲ್ಲಿ ನಿಂತು ಹಾಗೆ ಹೇಳಿದ್ದು ಅಕ್ಕನಿಗೂ ಹೊಸದು. ಅವಳು ಕೊಡೆಯನ್ನು ಬಾಗಿಲಿಗೆ ಒರಗಿಸಿ ಬಸ್ಸಿನ ಮೆಟ್ಟಿಲ ಮೇಲೆ ಕೂತಳು.

"ನಿನಗೆ ಹೇಳಿಲ್ಲ ನಾನು," ಎಂದಳು. "ಅಮ್ಮ ತೀರ್ಕೊಂಡ ವರ್ಷಾನೂ ಹೀಗೇ ಮನೆ ಮನೇಲೂ ಜ್ವರ. ಹೊರಗೆ ಹೋಗಬೇಡ ಅಂದಿದ್ಲು. ನಾನು ಕದ್ದು ಗೆಳತಿ ಮನೆಗೆ ಆಡೋಕೆ ಹೋದೆ. ನನಗೆ ಎರಡು ದಿನ ಮೈ ಬಿಸಿಯಾಗಿ ಹೋಯ್ತು. ವಾರ ಬಿಟ್ಟು ಅಮ್ಮ ಮಲಗಿದ್ಲು. ಮಗೂನ ಎತ್ಕೊಂಡು ಹಿಂದಿನ ಕೋಣೆಗೆ ಹೋಗು, ಚಿಲಕ ಹಾಕ್ಕೋ, ನಾನು ಹೇಳೋವರೆಗೂ ತೆಗೀಬೇಡ ಅಂದ್ಲು. ಹದಿನೆಂಟು ದಿನ ನಾನೂ ನೀನೂ ಅಲ್ಲಿ. ಅಪ್ಪ ಕಿಟಕೀಲಿ ಊಟ ಕೊಡ್ತಿದ್ರು. ಮೊದಮೊದಲು ಅಮ್ಮ ಬಾಗಿಲಾಚೆಯಿಂದ ಮಾತಾಡ್ತಿದ್ಲು. ಆಮೇಲೆ ಮಾತಾಡ್ಲಿಲ್ಲ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ತೆಗಿ ಅಂತ ಅವಳು ಹೇಳಲೇ ಇಲ್ಲ ಕಣೋ."

ಐವತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಅವನಿಗೆ ಇದು ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎರಡು ವರ್ಷದ ಕೂಸನ್ನು ಎದೆಗವಚಿಕೊಂಡು ಬಾಗಿಲಿಗೆ ಕಿವಿಯಿಟ್ಟು ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಆರು ಹೆಜ್ಜೆಯ ಲೆಕ್ಕವನ್ನು ಮರೆತು ಅವಳ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಬಾಗಿಲು ಹಾಕಿದ್ದು ತಪ್ಪಲ್ಲ," ಎಂದಳು ಅಕ್ಕ, ಜಗಳಕ್ಕೆ ನಿಂತವಳಂತೆ.

"ತಪ್ಪು ಅಂತ ಯಾರಂದ್ರು? ನೀನು ಹಾಕಿದ್ದಕ್ಕೇ ನಾನಿಲ್ಲಿ ಕೂತಿರೋದು. ಆವತ್ತು ಈ ಸೂಜಿ ಇರಲಿಲ್ಲ ಅಕ್ಕ. ಇದ್ದಿದ್ರೆ ಅಮ್ಮ ಆಚೆ ಕಡೆಯಿಂದ ಹೇಳ್ತಿದ್ಲು." ಅವನು ಮೂಗೆಳೆದುಕೊಂಡ. "ಈಗ ನಾನು ಹೇಳ್ತಾ ಇದೀನಿ. ತೆಗಿ."

ಅಕ್ಕ ಎದ್ದು, ಒಳಗೆ ನಡೆದು, ನರ್ಸಮ್ಮನ ಎದುರಿನ ಕುರ್ಚಿಯಲ್ಲಿ ಕೂತು ರವಿಕೆಯ ತೋಳನ್ನು ತಾನೇ ಮೇಲೆ ಸರಿಸಿದಳು. ನರ್ಸಮ್ಮ ಸೂಜಿ ಚುಚ್ಚಿ ತೆಗೆದರೂ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಆಯ್ತಮ್ಮ."

"ಇಷ್ಟೇನಾ?" ಎಂದಳು ಅಕ್ಕ. "ಇಷ್ಟಕ್ಕೆ ಆ ಅಂಗಡಿಯವನು ಅಷ್ಟು ಕಿರುಚಿದ್ನಾ?" ರಸ್ತೆಯಾಚೆ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು; ಅಂಗಡಿಯವನೂ ನಕ್ಕ. ನರ್ಸಮ್ಮ ಮಾತ್ರ, ಇನ್ನೊಂದು ಡೋಸ್ ಬಾಕಿ ಇದೆ, ಅಲ್ಲಿಯವರೆಗೂ ಆಮೇಲೂ ಜಾಗ್ರತೆ ಬಿಡುವ ಹಾಗಿಲ್ಲ ಎಂದರು. "ನನಗೆ ಹೇಳ್ತೀರಾ?" ಎಂದಳು ಅಕ್ಕ.

ಅರ್ಧ ಗಂಟೆ ಬಸ್ಸಿನಲ್ಲೇ ಕೂತಿರಬೇಕಿತ್ತು. ಅವಳು ಮುಂದಿನ ಕಿಟಕಿಯ ಸೀಟಿನಲ್ಲಿ ಕೂತು ಬೀದಿಯನ್ನು ಕೆಳಗಿನಿಂದ ನೋಡಿದಳು. ಅರ್ಧ ಗಂಟೆ ಕಳೆಯಿತು. ಡ್ರೈವರ್ ಬೀಡಿ ಮುಗಿಸಿ ಬಂದು ಹತ್ತಿ, ಇನ್ನು ಹಿಂದಿನ ಬೀದಿಗೆ ಹೋಗಬೇಕು ಎಂದ. ನಾಲ್ಕು ಹೆಣ ಹೋದ ಬೀದಿ ಅದು.

"ಇಳಿ ಅಕ್ಕ, ಮನೆ ಮುಟ್ಟಿಸಿ ಬರ್ತೀನಿ," ಎಂದ ತಮ್ಮ.

ಅಕ್ಕ ಅಲುಗಾಡಲಿಲ್ಲ. ಮಾಸ್ಕುಗಳನ್ನು ಬಿಗಿಮಾಡಿಕೊಂಡಳು.

"ಅಲ್ಲಿ ಸಾಲು ನಿಲ್ಲಿಸೋರು ಯಾರು? ನೀನಾ? ಮತ್ತೆ ಕುರಿ ತುಂಬಿದ ಹಾಗೆ ತುಂಬೋಕಾ?" ಎಂದಳು. "ಹೊರಡು ಅಂತ ಹೇಳೋ ಅವನಿಗೆ, ಹೊತ್ತಾಗುತ್ತೆ."