ಟ್ರಿಯೆಸ್ಟೆಯ ಕಾರ್ಡು ಮತ್ತು ಕಾಗೆ

ಕಾಗೆ ಪಿಂಡ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರೆ. ನಾನು ಅದನ್ನು ನಂಬಿದವಳಲ್ಲ. ಹಸಿವಾದರೆ ಬರುತ್ತದೆ, ಅಷ್ಟೆ ಎನ್ನುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ನಾವು ಬೆಳಗಾವಿಯವರು. ಇಂಗ್ಲಿಷರ ನಾಡಿನ ಕೆಂಟನ್‌ಗೆ ಬಂದು ಬಹಳ ವರ್ಷವಾಯಿತು. ನಮ್ಮ ಮನೆಯವರು ಒಮ್ಮೆ ಹಳೆ ಸಾಮಾನಿನ ಸಂತೆಯಿಂದ ಒಂದು ಪೋಸ್ಟ್‌ಕಾರ್ಡ್ ತಂದರು. ಟ್ರಿಯೆಸ್ಟೆ ಎಂಬ ಊರಿನದು. ಸಮುದ್ರದ ಎದುರಿಗೊಂದು ದೊಡ್ಡ ಚೌಕ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಊರು ತಮ್ಮದೆಂದು ಇಟಲಿ, ಯುಗೊಸ್ಲಾವಿಯ ಎರಡೂ ಹಟ ಹಿಡಿದವಂತೆ. ಕೆಲವು ವರ್ಷ ಬ್ರಿಟಿಷ್, ಅಮೆರಿಕನ್ ಸೈನ್ಯವೇ ಅದನ್ನು ಆಳಿತು. ಕಾರ್ಡಿಗೆ ಹಚ್ಚಿದ ಇಟಲಿಯ ಸ್ಟ್ಯಾಂಪಿನ ಮೇಲೂ ಆ ಸೈನಿಕ ಸರಕಾರದ ಕಪ್ಪು ಅಕ್ಷರಗಳನ್ನು ಒತ್ತಿದ್ದರು. ಕೊನೆಗೆ ಊರು ಇಟಲಿಗೆ ಉಳಿಯಿತು, ಸುತ್ತಲಿನ ಎಷ್ಟೋ ಹಳ್ಳಿಗಳು ಗಡಿಯಾಚೆ ಹೋದವು.

“ನಮ್ಮ ಬೆಳಗಾವಿಗೆ ಅಣ್ಣ ಇದ್ದಂಗ ಈ ಊರು,” ಎನ್ನುತ್ತಿದ್ದರು ಅವರು. “ಜಗಳಾ ಮುಗದ ಮ್ಯಾಲೆ ಊರು ಹ್ಯಾಂಗಿರ್ತದ, ಒಮ್ಮೆ ಹೋಗಿ ನೋಡೂಣೇನ?”

“ಬೋರ್ಡಿಗೆ ಮಸಿ ಬಳಿಯೂದು ನೋಡಿ ಸಾಕಾಗಿಲ್ಲೇನು ನಿಮಗ?” ಎಂದು ನಗುತ್ತಿದ್ದೆ. ಪ್ರತಿ ಬೇಸಿಗೆಗೂ ಬರುವ ವರ್ಷ ನೋಡೋಣ ಎಂದೆ. ಒಂದು ಚಳಿಗಾಲದಲ್ಲಿ ಅವರೇ ಹೋಗಿಬಿಟ್ಟರು.

ಹತ್ತನೆಯ ದಿನ, ಕ್ರೋಯ್ಡನ್‌ನಿಂದ ಬಂದಿದ್ದ ಮೈದುನ ಹಿತ್ತಿಲಿನ ಶೆಡ್ಡಿನ ಮೇಲೆ ಪಿಂಡವಿಟ್ಟ. ಕಾಗೆಯೊಂದು ಬೇಲಿಯ ಮೇಲೆ ಕೂತಿತ್ತು, ಹತ್ತಿರ ಬರಲಿಲ್ಲ. ಪದ್ಧತಿಯಂತೆ ಒಬ್ಬೊಬ್ಬರೇ ಮಾತು ಕೊಡತೊಡಗಿದರು.

“ಅಣ್ಣಾ, ವೈನೀನ್ನ ನಾವು ಚಲೋತ್ನಾಗಿ ನೋಡಕೋತೀವಿ,” ಎಂದ ಮೈದುನ. “ಐ ವಿಲ್ ಫಿನಿಶ್ ಮೈ ಡಿಗ್ರಿ, ಅಪ್ಪಾ,” ಎಂದಳು ಮಗಳು. ಕಾಗೆ ಕದಲಲಿಲ್ಲ.

“ಕನ್ನಡಾನೂ ತಿಳೀವಲ್ದು, ಇಂಗ್ಲಿಷೂ ತಿಳೀವಲ್ದು ಈ ಕಾಗಿಗೆ,” ಎಂದು ಮೈದುನ ಕಣ್ಣೊರೆಸಿಕೊಂಡ.

ಉಳಿದ ಆಸೆ ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು. ಒಳಗಿನಿಂದ ಕಾರ್ಡು ತಂದು ಪಿಂಡದ ಪಕ್ಕಕ್ಕಿಟ್ಟೆ. ನಿಮ್ಮ ಪರವಾಗಿ ನಾನು ಹೋಗಿ ನೋಡಿ ಬರುತ್ತೇನೆ ಎಂದು ಮನಸ್ಸಿನಲ್ಲೇ ಅಂದೆ. ಕಾಗೆ ಅತ್ತ ಮುಖ ತಿರುಗಿಸಿ ಕೂತಿತು.

ಆಮೇಲೆ, ತುಟಿ ಬಿಚ್ಚದೆಯೇ, ನಿಜ ಹೇಳಿದೆ. ಈಗ ಹೇಳಿದ್ದು ಸುಳ್ಳು, ನನಗೆ ಅಲ್ಲಿಗೆ ಹೋಗುವ ಮನಸ್ಸು ಎಂದೂ ಇರಲಿಲ್ಲ, ನೀವಿಲ್ಲದೆ ಇನ್ನು ಹೋಗುವುದೂ ಇಲ್ಲ ಎಂದೆ. ಅಷ್ಟರಲ್ಲಿ ಕಾಗೆ ಹಾರಿ ಬಂತು, ಕಾರ್ಡನ್ನು ದಾಟಿ ಹೋಗಿ ಅನ್ನ ಮುಟ್ಟಿತು.

ಅಣ್ಣನಿಗೆ ತೃಪ್ತಿಯಾಯಿತು ಎಂದು ಎಲ್ಲರೂ ಕೈ ಮುಗಿದರು. ಅದಕ್ಕೆ ಹಸಿವಾಗಿತ್ತು, ಅಷ್ಟೆ ಎಂದು ನಾನು ಎಷ್ಟೋ ಸಲ ಹೇಳಿಕೊಂಡು ನೋಡಿದ್ದೇನೆ. ಆದರೆ ಅವರು ನನ್ನನ್ನು ಕ್ಷಮಿಸಿದರೋ, ಇಲ್ಲಾ ಆಸೆಯನ್ನೇ ಬಿಟ್ಟರೋ, ಇಂದಿಗೂ ನನಗೆ ತಿಳಿದಿಲ್ಲ.